ಪಾರ್ಕಿನ್ಸನ್ ಇರುವವರಿಗೆ ಮನೆಯಲ್ಲೇ ವಿಆರ್ ವ್ಯಾಯಾಮ: ಮಾತ್ರೆ ಡಬ್ಬಿಯಿಂದ ಲಾಲ್‌ಬಾಗ್‌ವರೆಗೆ

ಮೊದಲ ದಿನ ನಾನು ಮಾಡಿದ್ದೆಲ್ಲ ತಪ್ಪೇ. ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರ್ ಕಟ್ಟಿದ ಲೋಕ ಕಾಣುವ ದೊಡ್ಡ ಕನ್ನಡಕ, ತಂದ ಖುಷಿಯಲ್ಲಿ ಬೆಳಿಗ್ಗೆ ಹನ್ನೊಂದೂವರೆಗೆ ಅಪ್ಪನನ್ನು ಹಾಲ್‌ನ ನಡುವೆ ನಿಲ್ಲಿಸಿ, ತಲೆಗೆ ಅದನ್ನು ಸಿಕ್ಕಿಸಿ, ರೋಲರ್ ಕೋಸ್ಟರ್ ಹಾಕಿದೆ. ಅರ್ಧ ನಿಮಿಷ ಆಗಿರಲಿಲ್ಲ. ಅಪ್ಪ ಟಿವಿ ಸ್ಟ್ಯಾಂಡ್ ಹಿಡಿದು ಬಗ್ಗಿದರು, ತಿಂದ ಇಡ್ಲಿ ಹೊರಗೆ ಬಂತು. ಬಿದ್ದು ಸೊಂಟ ಮುರಿಯಲಿಲ್ಲ, ಅಷ್ಟೇ ಪುಣ್ಯ. ಅಪ್ಪನಿಗೆ ಪಾರ್ಕಿನ್ಸನ್ ಇದೆ, ಅದಕ್ಕೆ ಏಳು ಗಂಟೆಗೆ ನುಂಗಿದ ಮಾತ್ರೆಯ ಬಲ ಹನ್ನೊಂದರ ಹೊತ್ತಿಗೆ ಇಳಿದುಹೋಗಿರುತ್ತದೆ. ಮುಂದಿನ ಮಾತ್ರೆ ಹನ್ನೆರಡಕ್ಕೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಡಬ್ಬ ಬಿಚ್ಚುವ ಸಂಭ್ರಮದಲ್ಲಿ ನೆನಪಾಗಲಿಲ್ಲ.

ಅಪ್ಪ ಎಚ್‌ಎಂಟಿಯಲ್ಲಿ ವಾಚ್ ಜೋಡಿಸುತ್ತಿದ್ದವರು. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಸಾಸಿವೆಗಿಂತ ಸಣ್ಣ ಸ್ಕ್ರೂ ಕೂರಿಸುತ್ತಿದ್ದ ಕೈ ಈಗ ಅರ್ಧ ಲೋಟ ಕಾಫಿಯನ್ನು ತಟ್ಟೆಗೆ ಚೆಲ್ಲುತ್ತದೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಅಂದರೆ ಅವರಿಗೆ ಬೇಜಾರು. ಒಂದು ವಾರ ಮಾಡುತ್ತಾರೆ, ಆಮೇಲೆ ಮಂಡಿ ನೋವು ಅನ್ನುತ್ತಾರೆ. ಆಟ ಅಂದರೆ ಮಾತ್ರ ಈಗಲೂ ಎದ್ದು ಕೂರುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಕಾಲ ನಾವಿಬ್ಬರೂ ಎಡವಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹೆಡ್‌ಸೆಟ್ ಕೊಳ್ಳುವ ಮಾತು ಮೂರನೇ ಹಂತದಲ್ಲಿ ಬರುತ್ತದೆ. ಅದಕ್ಕೆ ಮುಂಚೆ ಕೊಳ್ಳಬೇಡಿ.

ಒಂದು ಗೆರೆ ಮಾಡುವ ಕೆಲಸ

ನಡೆಯುವಾಗ ನಾವ್ಯಾರೂ ಹೆಜ್ಜೆ ಎಣಿಸುವುದಿಲ್ಲ ಅಲ್ವಾ? ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅದನ್ನು ತಾನಾಗಿಯೇ ನಡೆಸಿಕೊಂಡು ಹೋಗುತ್ತದೆ. ಅದಕ್ಕೆ ಡೋಪಮೈನ್ ಅನ್ನುವ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಆಗ ತಾನಾಗಿ ಆಗುತ್ತಿದ್ದ ಕೆಲಸಕ್ಕೆಲ್ಲ ಗಮನ ಕೊಡಬೇಕಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ಕೈ ಬೀಸುವುದು ನಿಲ್ಲುತ್ತದೆ, ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ಡಾಕ್ಟರುಗಳು ಫ್ರೀಜಿಂಗ್ ಅನ್ನುತ್ತಾರೆ.

ಕುಣಿಗಲ್ ಹತ್ತಿರದ ನಮ್ಮ ಹಳೇ ಮನೆಯಲ್ಲಿ ಅರ್ಧ ಅಡಿ ಎತ್ತರದ ಹೊಸ್ತಿಲಿದೆ. ಅಪ್ಪ ಅದನ್ನು ಸಲೀಸಾಗಿ ದಾಟುತ್ತಾರೆ. ಬೆಂಗಳೂರಿನ ಫ್ಲಾಟ್‌ನಲ್ಲಿ ಹೊಸ್ತಿಲೇ ಇಲ್ಲ, ನೆಲ ಸಪಾಟು. ಅಲ್ಲೇ ನಿಂತುಬಿಡುತ್ತಾರೆ! ಮೊದಮೊದಲು ಇದು ನಾಟಕ ಅಂತ ಅಮ್ಮ ಬೈದದ್ದೂ ಉಂಟು. ನಾಟಕ ಅಲ್ಲ. ಕಣ್ಣಿಗೆ ಕಾಣುವ ಒಂದು ಗುರಿ ಇದ್ದರೆ ಮೆದುಳು ಹಾಳಾದ ದಾರಿ ಬಿಟ್ಟು ಸುತ್ತುಬಳಸಿನ ಇನ್ನೊಂದು ದಾರಿಯಲ್ಲಿ ಕಾಲಿಗೆ ಸುದ್ದಿ ಮುಟ್ಟಿಸುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಇಂಥವರು ದೊಡ್ಡ ಹೆಜ್ಜೆ ಹಾಕಬಲ್ಲರು ಎಂದು ಬ್ರಿಟಿಷ್ ನರವೈದ್ಯ ಪರ್ಡನ್ ಮಾರ್ಟಿನ್ 1960ರ ದಶಕದಲ್ಲೇ ತೋರಿಸಿದ್ದರು. ತಾಳವೂ ಇದೇ ಕೆಲಸ ಮಾಡುತ್ತದೆ. ‘ತಕಧಿಮಿ’ ಅಂತ ಬಾಯಲ್ಲಿ ಹೇಳಿದರೆ ಎಷ್ಟೋ ಸಲ ಕಾಲು ಹೊರಡುತ್ತದೆ.

ವಿಆರ್ ಕೊಡುವುದೂ ಇದನ್ನೇ. ಗೆರೆ, ಚೆಂಡು, ತಾಳ, ಜತೆಗೆ ಪಾಯಿಂಟು. ಕುಂಟೆಬಿಲ್ಲೆಯ ಚೌಕ ಗೋಡೆಯ ತನಕ ಹೋಗಿ ಮುಗಿಯುತ್ತದೆ, ಕನ್ನಡಕದ ಒಳಗಿನ ಚೌಕಕ್ಕೆ ಕೊನೆ ಇಲ್ಲ.

ಇದು ಎಷ್ಟು ನಿಜ? 2016ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದೆ. ಐದು ದೇಶಗಳಲ್ಲಿ ಬೀಳುವ ತೊಂದರೆ ಇದ್ದ 302 ಹಿರಿಯರನ್ನು ತೆಗೆದುಕೊಂಡರು. ಅವರಲ್ಲಿ ಪಾರ್ಕಿನ್ಸನ್ ಇದ್ದವರೂ ತುಂಬಾ ಜನ. ಒಂದು ಗುಂಪು ಬರೀ ಟ್ರೆಡ್‌ಮಿಲ್ ಮೇಲೆ ನಡೆಯಿತು. ಇನ್ನೊಂದು ಗುಂಪು ನಡೆಯುತ್ತಲೇ ಎದುರಿನ ಪರದೆಯಲ್ಲಿ ಬರುವ ಅಡೆತಡೆಗಳನ್ನು ದಾಟಬೇಕಿತ್ತು. ವಾರಕ್ಕೆ ಮೂರು ದಿನ, ಆರು ವಾರ. ಮುಂದಿನ ಆರು ತಿಂಗಳಲ್ಲಿ ಎರಡನೇ ಗುಂಪಿನವರು ಬಿದ್ದದ್ದು ಕಡಿಮೆ. ಅದೇ ವರ್ಷ ಕಾಕ್ರೇನ್ ಸಂಸ್ಥೆ 8 ಪ್ರಯೋಗ, 263 ರೋಗಿಗಳ ಲೆಕ್ಕ ಒಟ್ಟುಮಾಡಿ ನೋಡಿತು. ಫಿಸಿಯೋಥೆರಪಿಗೆ ಹೋಲಿಸಿದರೆ ಹೆಜ್ಜೆಯ ಉದ್ದದಲ್ಲಿ ಸ್ವಲ್ಪ ಲಾಭ ಕಂಡಿತು. ಬ್ಯಾಲೆನ್ಸ್ ಮುಂತಾದ ಉಳಿದ ವಿಷಯಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಪುರಾವೆ ಅಷ್ಟು ಗಟ್ಟಿಯಿಲ್ಲ ಅಂತಲೂ ಅವರೇ ಬರೆದರು. 2019ರಲ್ಲಿ ನೆದರ್‌ಲೆಂಡ್ಸ್‌ನವರು 130 ಜನರ ಮೇಲೆ ಪ್ರಯೋಗ ಮಾಡಿದರು. ಅರ್ಧ ಜನ ಮನೆಯಲ್ಲೇ ನಿಂತ ಸೈಕಲ್ ತುಳಿದರು, ಆ ಸೈಕಲ್‌ಗೆ ಪರದೆಯ ಆಟ ಜೋಡಿಸಿತ್ತು. ಉಳಿದವರು ಬರೀ ಸ್ಟ್ರೆಚಿಂಗ್ ಮಾಡಿದರು. ಆರು ತಿಂಗಳ ಮೇಲೆ ಚಲನೆಯ ತೊಂದರೆ ಅಳೆಯುವ ಅಂಕದಲ್ಲಿ ಸೈಕಲ್ ತುಳಿದವರು 4.2 ಅಂಕ ಮುಂದಿದ್ದರು.

ನನ್ನ ಮಟ್ಟಿಗೆ ಇದರ ಅರ್ಥ ಇಷ್ಟು. ವಿಆರ್ ಮಾತ್ರೆಯ ಜಾಗಕ್ಕೆ ಬರುವುದಿಲ್ಲ, ಫಿಸಿಯೋ ಜಾಗಕ್ಕೂ ಬರುವುದಿಲ್ಲ. ಎರಡನೇ ವಾರಕ್ಕೆ ನಿಂತುಹೋಗುವ ವ್ಯಾಯಾಮವನ್ನು ಇಪ್ಪತ್ತನೇ ವಾರದ ತನಕ ಎಳೆದುಕೊಂಡು ಹೋಗುತ್ತದೆ. ಊರಲ್ಲಿ ಒಂದು ಕಡೆ ವಿಆರ್ ಥೆರಪಿ ಅಂತ ನಮ್ಮಿಂದ ಹತ್ತು ಸೆಶನ್ನಿನ ಹಣ ಮುಂಗಡ ಕಟ್ಟಿಸಿಕೊಂಡು, ಅಪ್ಪನನ್ನು ಸುಮ್ನೆ ಕೂರಿಸಿ ಜಲಪಾತ ತೋರಿಸಿ ಕಳಿಸುತ್ತಿದ್ದರು. ಕೈಕಾಲು ಆಡದಿದ್ದರೆ ಅದು ವ್ಯಾಯಾಮವೇ ಅಲ್ಲ.

ಹಂತ 1: ನರವೈದ್ಯರ ಹತ್ತಿರ ಐದು ಪ್ರಶ್ನೆ

ನಿಮ್ಹಾನ್ಸ್ ಇರಲಿ, ಬೇರೆ ಆಸ್ಪತ್ರೆ ಇರಲಿ, ಒಳಗೆ ಸಿಗುವುದು ಹತ್ತು ನಿಮಿಷ. ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೊದಲನೆಯದು ಬಿಪಿ. ಪಾರ್ಕಿನ್ಸನ್‌ನಲ್ಲಿ ಎದ್ದು ನಿಂತ ತಕ್ಷಣ ಬಿಪಿ ಇಳಿಯುವುದು ಮಾಮೂಲು, ಮಾತ್ರೆಯಿಂದಲೂ ಇಳಿಯಬಹುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ನಿಂತು ಆಡುವ ಮಾತು ಸದ್ಯಕ್ಕೆ ಬೇಡ. ಎರಡನೆಯದು ಭ್ರಮೆ. ಇಲ್ಲದ ಮನುಷ್ಯರು, ಬೆಕ್ಕು, ಇರುವೆ ಕಾಣುವುದು ಈ ಕಾಯಿಲೆಯಲ್ಲೂ ಇದೆ, ಅದರ ಮಾತ್ರೆಗಳಲ್ಲೂ ಇದೆ. ಎಷ್ಟೋ ಹಿರಿಯರು ನಾಚಿಕೆಗೆ ಬಾಯಿ ಬಿಡುವುದಿಲ್ಲ. ನೀವೇ ಮೆಲ್ಲಗೆ ಕೇಳಿ. ಹಾಗೆ ಕಾಣುತ್ತಿದ್ದರೆ ಹೆಡ್‌ಸೆಟ್ ಬೇಡವೇ ಬೇಡ, ಟಿವಿ ಸಾಕು. ಮೂರನೆಯದು ಮರೆವು. ಹೇಳಿದ ಮಾತು ಹಿಡಿಯಲು ಕಷ್ಟ ಇದ್ದರೂ ಅಷ್ಟೇ. ನಾಲ್ಕನೆಯದು ಡಿಬಿಎಸ್. ಮೆದುಳಿನೊಳಗೆ ತಂತಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟ ಆಪರೇಷನ್ ಆಗಿದ್ದರೆ, ಹೆಡ್‌ಸೆಟ್‌ನಲ್ಲೂ ಕೈಯ ಕಂಟ್ರೋಲರ್‌ನಲ್ಲೂ ಸಣ್ಣ ಆಯಸ್ಕಾಂತ ಇರಬಹುದು ಎಂದು ತಿಳಿಸಿ, ಒಪ್ಪಿಗೆ ಕೇಳಿ. ಐದನೆಯದು ಹಳೇ ಕಡತ: ಫಿಟ್ಸ್, ತಲೆಸುತ್ತು, ಹೊಸದಾಗಿ ಆದ ಕಣ್ಣಿನ ಆಪರೇಷನ್, ಹೃದಯ.

ಆಮೇಲೆ ಫಿಸಿಯೋ ಅವರನ್ನು ಒಂದೇ ಒಂದು ಸಲವಾದರೂ ಮನೆಗೆ ಕರೆಸಿ. ಯಾವ ಕಾಲು ದುರ್ಬಲ, ಯಾವ ಕಡೆಗೆ ವಾಲುತ್ತಾರೆ, ಹಿಂದಕ್ಕೆ ಬೀಳುತ್ತಾರಾ ಅನ್ನುವುದನ್ನು ಅವರು ಎರಡು ನಿಮಿಷದಲ್ಲಿ ಹೇಳುತ್ತಾರೆ. ನಾವು ಎರಡು ವರ್ಷ ನೋಡಿದರೂ ನಮಗೆ ಹೊಳೆಯುವುದಿಲ್ಲ.

ಹಂತ 2: ಮಾತ್ರೆಯ ಗಡಿಯಾರ

ಈ ಹಂತಕ್ಕೆ ದುಡ್ಡು ಬೇಡ, ಒಂದು ವಾರ ಬೇಕು. ಮಕ್ಕಳ ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಮಾತ್ರೆ ಎಷ್ಟು ಗಂಟೆಗೆ, ಊಟ ತಿಂಡಿ ಎಷ್ಟು ಗಂಟೆಗೆ, ಯಾವಾಗ ಕೈಕಾಲು ಹಗುರಾಯಿತು, ಯಾವಾಗ ಮತ್ತೆ ಬಿಗಿಯಿತು ಅಂತ ಬರೆಯಿರಿ. ಮೆದುಳಿಗೆ ಹೋಗಿ ಡೋಪಮೈನ್ ಆಗುವ ಲೆವೊಡೋಪ ಇರುವ ಮಾತ್ರೆ, ಅಂದರೆ ನಮ್ಮಲ್ಲಿ ಬಹಳ ಮನೆಗಳಲ್ಲಿರುವ ಸಿಂಡೋಪಾ ಥರದ್ದು, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹಿಡಿಯುತ್ತದೆ. ಹಿಡಿದಿರುವ ಹೊತ್ತು ‘ಆನ್’, ಇಳಿದ ಹೊತ್ತು ‘ಆಫ್’. ಅಪ್ಪನಿಗೆ ಬೆಳಿಗ್ಗೆ ಎಂಟರಿಂದ ಹತ್ತೂಕಾಲು ಆನ್. ನಮ್ಮ ಆಟ ಎಂಟೂವರೆಗೆ.

ಒಂದು ಸೂಕ್ಷ್ಮ ಇದೆ. ಬೇಳೆ, ಮೊಸರು, ಹಾಲು, ಮೊಟ್ಟೆಯಲ್ಲಿರುವ ಪ್ರೋಟೀನ್ ಲೆವೊಡೋಪಕ್ಕೆ ಅಡ್ಡ ಬರುತ್ತದೆ. ಕರುಳಿನಿಂದ ರಕ್ತಕ್ಕೆ ಹೋಗಲು ಎರಡಕ್ಕೂ ಒಂದೇ ಬಾಗಿಲು. ಹಾಗಾಗಿ ಹೆಚ್ಚಿನವರಿಗೆ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಾದರೂ ಮುಂಚೆ ತೆಗೆದುಕೊಳ್ಳಲು ಹೇಳುತ್ತಾರೆ. ಹೆಸರುಬೇಳೆ ದೋಸೆ ಜತೆ ಮಾತ್ರೆ ನುಂಗಿದ ದಿನ ಅಪ್ಪನ ಆನ್ ಒಂಬತ್ತಾದರೂ ಬರಲಿಲ್ಲ ಅನ್ನುವುದು ಆ ನೋಟ್‌ಬುಕ್ಕಿನಿಂದಲೇ ಗೊತ್ತಾಯಿತು. ಪ್ರಮಾಣವನ್ನಾಗಲಿ ಸಮಯವನ್ನಾಗಲಿ ನೀವೇ ಬದಲಿಸಬೇಡಿ, ನೋಟ್‌ಬುಕ್ ಡಾಕ್ಟರಿಗೆ ತೋರಿಸಿ. ನಸುಗುನ್ನಿ ಬೀಜದ ಪುಡಿ ಒಳ್ಳೆಯದು ಅಂತ ಯಾರಾದರೂ ತಂದುಕೊಡುತ್ತಾರೆ. ಅದರಲ್ಲಿ ಲೆವೊಡೋಪ ಇರುವುದು ನಿಜ, ಅದಕ್ಕೇ ಹೇಳದೆ ಕೇಳದೆ ಕೊಡಬಾರದು. ಮಾತ್ರೆ ದುಪ್ಪಟ್ಟಾದ ಹಾಗಾಗುತ್ತದೆ.

ಹಂತ 3: ಯಾವ ಯಂತ್ರ

ಎಲ್ಲರಿಗೂ ಹೆಡ್‌ಸೆಟ್ ಬೇಕಿಲ್ಲ. ಅರ್ಧ ಜನರಿಗೆ ಟಿವಿಯೇ ಸಾಕು ಅನ್ನುವುದು ನನ್ನ ಅಂದಾಜು.

ನಿಂತ ಸೈಕಲ್ ಒಂದಿದ್ದರೆ ಅದನ್ನು ಟಿವಿ ಎದುರು ಇಡಿ. ಬೀದಿಗಳ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ತೆಗೆದು ನೀವು ಪಕ್ಕದಲ್ಲಿ ಕೂತು ಮುಂದಕ್ಕೆ ಒತ್ತುತ್ತಾ ಹೋಗಿ, ಅವರು ತುಳಿಯಲಿ. ಈ ಸ್ಟ್ರೀಟ್ ವ್ಯೂ ಕಾರು 2011ರಲ್ಲೇ ಬೆಂಗಳೂರಿಗೆ ಬಂದಿತ್ತು, ಪೊಲೀಸರು ಬೇಡ ಅಂದದ್ದರಿಂದ ಕೆಲವೇ ವಾರಗಳಲ್ಲಿ ನಿಂತಿತು. ಮತ್ತೆ ಶುರುವಾದದ್ದು 2022ರ ಜುಲೈನಲ್ಲಿ. ಅಪ್ಪ ದಿನಾ ಒಂದು ಬೀದಿ ಕೇಳುತ್ತಾರೆ. ಎಚ್‌ಎಂಟಿ ಕಾರ್ಖಾನೆ ಇದ್ದ ಜಾಲಹಳ್ಳಿಯ ಕ್ರಾಸಿಗೆ ಬಂದಾಗ ತುಳಿಯುವುದು ಜೋರಾಗುತ್ತದೆ, ಶಿಫ್ಟಿಗೆ ತಡವಾಯಿತು ಅನ್ನುವ ಹಾಗೆ!

ಎರಡನೆಯದು ಟಿವಿಗೆ ಜೋಡಿಸುವ, ನಮ್ಮ ಮೈಯ ಚಲನೆ ನೋಡಿ ಆಡಿಸುವ ಕ್ಯಾಮೆರಾ ಇರುವ ಆಟದ ಪೆಟ್ಟಿಗೆ. ಎಕ್ಸ್‌ಬಾಕ್ಸ್‌ನ ಕಿನೆಕ್ಟ್ 2010ರಲ್ಲಿ ಬಂತು, 2017ರಲ್ಲಿ ತಯಾರಿ ನಿಂತಿತು. ಆದರೂ ಪಾರ್ಕಿನ್ಸನ್‌ಗೆ ಇದರಷ್ಟು ಸಲೀಸಾದದ್ದು ಕಡಿಮೆ. ತಲೆಗೆ ಏನೂ ಇಲ್ಲ, ಕೈಯಲ್ಲೂ ಏನೂ ಇಲ್ಲ, ಮನೆಯ ನೆಲ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ, ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೇಳಿ ನೋಡಿ. ಅಂಗಡಿಯಲ್ಲೇ ಹಾಕಿಸಿ, ನೀವೇ ಎದುರು ನಿಂತು ಕೈ ಆಡಿಸಿ, ಆಮೇಲೆ ದುಡ್ಡು ಕೊಡಿ.

ಮೂರನೆಯದು ಮೆಟಾ ಕ್ವೆಸ್ಟ್ ಥರದ ಹೆಡ್‌ಸೆಟ್. ಕೊಳ್ಳುವ ಮುಂಚೆ ವಾರಂಟಿ ಯಾರು ಕೊಡುತ್ತಾರೆ ಅಂತ ಕೇಳಿ, ಇಂಪೋರ್ಟ್ ಮಾಲು ಜಾಸ್ತಿ. ಕನ್ನಡಕ ಹಾಕುವವರಿಗೆ ಜಾಗ ಇದೆಯಾ ನೋಡಿ. ಮುಖ್ಯವಾಗಿ ಪಾಸ್‌ಥ್ರೂ ಚೆನ್ನಾಗಿರಬೇಕು. ಹಾಗಂದರೆ ಹೆಡ್‌ಸೆಟ್‌ನ ಕ್ಯಾಮೆರಾದ ಮೂಲಕ ನಿಜವಾದ ಕೋಣೆ ಕಾಣುವುದು, ಅದರ ಮೇಲೆ ಚೆಂಡು, ಗೆರೆ ತೇಲುವುದು. ಬ್ಯಾಲೆನ್ಸ್ ಕಡಿಮೆ ಇರುವವರಿಗೆ ಇದು ಜೀವ ಉಳಿಸುವ ಸೌಲಭ್ಯ. 2023ರ ಕ್ವೆಸ್ಟ್ 3ರಲ್ಲಿ ಇದು ಬಣ್ಣದಲ್ಲಿ ಕಾಣುತ್ತದೆ, ಕ್ವೆಸ್ಟ್ 2ರಲ್ಲಿ ಕಪ್ಪುಬಿಳುಪು.

ಇನ್ನೊಂದು ಜಾತಿಯ ವರ್ಚುವಲ್ ಲೋಕ ಇದೆ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್. ಕಂಪ್ಯೂಟರ್ ಪರದೆಯಲ್ಲಿ ನಿಮ್ಮ ಹೆಸರಿನ ಒಂದು ಅವತಾರ್ ಓಡಾಡುತ್ತದೆ, ಕುಣಿಯುತ್ತದೆ. ಪಾರ್ಕಿನ್ಸನ್ ಇದ್ದ ಅಮೆರಿಕದ ವಯಸ್ಸಾದ ಹೆಂಗಸೊಬ್ಬರು ತಮ್ಮ ಅವತಾರ್ ತೈ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಮಾಡುವುದನ್ನು ದಿನಾ ನೋಡುತ್ತಾ ಕೂತು, ಕುರ್ಚಿಯಿಂದ ಏಳುವುದು ಸುಲಭವಾಯಿತು ಎಂದಿದ್ದರು. ಒಬ್ಬರ ಅನುಭವದಿಂದ ಎಲ್ಲರಿಗೂ ಹಾಗೇ ಆಗುತ್ತದೆ ಅನ್ನಲಾಗದು. ಆದರೆ ಚಲನೆಯನ್ನು ಗಮನಿಸಿ ನೋಡಿ, ಆಮೇಲೆ ಅದನ್ನೇ ಮಾಡುವ ಅಭ್ಯಾಸವನ್ನು ಫ್ರೀಜಿಂಗ್ ಇರುವವರಲ್ಲಿ ಪರೀಕ್ಷಿಸಿ ಲಾಭ ಕಂಡದ್ದುಂಟು. ಬೇರೆಯವರು ಮಾಡುವುದನ್ನು ನೋಡುವಾಗ ನಮ್ಮ ಮೆದುಳಿನ ಚಲನೆಯ ಭಾಗಗಳೂ ಎಚ್ಚರವಾಗುತ್ತವೆ. ನಾವು ಇದನ್ನು ವಾರ್ಮಪ್ ಮಾಡಿಕೊಂಡಿದ್ದೇವೆ. ಐದು ನಿಮಿಷ ನೋಡುವುದು, ಆಮೇಲೆ ಎದ್ದು ಅದನ್ನೇ ಮಾಡುವುದು. ಬರೀ ನೋಡುವುದಾದರೆ ಧಾರಾವಾಹಿ ಇದೆಯಲ್ಲ.

ಹಂತ 4: ಕೋಣೆ

ಆರೂವರೆ ಅಡಿ ಉದ್ದ, ಅಷ್ಟೇ ಅಗಲ ಖಾಲಿ ಬೇಕು. ಟೀಪಾಯಿ ಹೊರಗೆ. ಚಾಪೆ, ಕಾರ್ಪೆಟ್, ಕಾಲೊರಸು ಎಲ್ಲ ಹೊರಗೆ. ವಿಆರ್ ಆಡುವ ಹುಡುಗರು ಕಾಲಡಿಗೆ ಸಣ್ಣ ಮ್ಯಾಟ್ ಹಾಕಿಕೊಳ್ಳುತ್ತಾರೆ, ನಡುಜಾಗ ಕಾಲಿಗೇ ಗೊತ್ತಾಗಲಿ ಅಂತ. ಕಾಲೆಳೆದು ನಡೆಯುವವರಿಗೆ ಆ ಮ್ಯಾಟ್‌ನ ಅಂಚೇ ಎಡವಲು ಸಾಕು, ಬೇಡ. ಅದರ ಬದಲು ಒಂದೇ ಕಡೆಯಿಂದ ಟೇಬಲ್ ಫ್ಯಾನ್ ಹಾಕಿ. ಮುಖಕ್ಕೆ ಗಾಳಿ ಬಡಿದರೆ ಟಿವಿ ಕಡೆ ತಿರುಗಿದ್ದೇನೆ ಅಂತ ಅವರಿಗೆ ತಿಳಿಯುತ್ತದೆ, ಹೊಟ್ಟೆ ತೊಳಸುವುದೂ ಕಡಿಮೆ.

ಕುರ್ಚಿ ಭಾರದ್ದಿರಲಿ, ಕೈ ಇರಲಿ, ಚಕ್ರ ಇರಬಾರದು. ಬೆನ್ನು ಗೋಡೆಗೆ ತಾಗಿರಲಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಕಾಲಿಗೆ ಹಿಮ್ಮಡಿ ಮುಚ್ಚುವ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಬೇಡ, ರೆಡ್ ಆಕ್ಸೈಡ್ ನೆಲದ ಮೇಲೆ ಬರೀ ಸಾಕ್ಸ್ ಅಂತೂ ಬೇಡವೇ ಬೇಡ. ಹೆಡ್‌ಸೆಟ್‌ನಲ್ಲಿ ಕಾಣುವುದನ್ನು ಮೊಬೈಲಿಗೋ ಟಿವಿಗೋ ಕಾಸ್ಟ್ ಮಾಡಿಕೊಳ್ಳಿ. ಅವರು ಏನು ನೋಡುತ್ತಿದ್ದಾರೆ ಅಂತ ತಿಳಿಯದೆ ಪಕ್ಕದಲ್ಲಿ ನಿಂತು ಉಪಯೋಗವಿಲ್ಲ. ಕರೆಂಟ್ ಹೋದರೆ ಹೆಡ್‌ಸೆಟ್ ಬ್ಯಾಟರಿಯ ಮೇಲೆ ಓಡುತ್ತಲೇ ಇರುತ್ತದೆ, ವೈಫೈ ಹೋಗಿ ಕಾಸ್ಟ್ ಕಟ್ಟಾಗುತ್ತದೆ. ಅಂಥ ಹೊತ್ತಲ್ಲಿ ಆಟ ನಿಲ್ಲಿಸಿಬಿಡಿ. ಹೆಡ್‌ಸೆಟ್ಟನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಲೆನ್ಸ್ ಸೂರ್ಯನ ಬೆಳಕನ್ನು ಒಟ್ಟುಮಾಡಿ ಒಳಗಿನ ಪರದೆಯನ್ನು ಸುಡುತ್ತದೆ.

ನೀವು ನಿಲ್ಲುವ ಜಾಗ ಅವರ ದುರ್ಬಲ ಕಡೆ, ಅರ್ಧ ಹೆಜ್ಜೆ ಹಿಂದೆ. ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದರ ಮೇಲೆ ಕೈ ಇಟ್ಟಿರಿ. ಬೀಳುವಾಗ ತೋಳು ಹಿಡಿದು ಎಳೆದರೆ ಭುಜ ಹೋಗುತ್ತದೆ.

ಹಂತ 5: ಮೊದಲ ಐದು ನಿಮಿಷ

ಕೂತೇ ಶುರು ಮಾಡಿ. ಹೆಡ್‌ಸೆಟ್ ಹಾಕುವ ಮುಂಚೆ ಏನು ಕಾಣುತ್ತದೆ ಅಂತ ಬಾಯಲ್ಲಿ ಹೇಳಿ. ಪಾಸ್‌ಥ್ರೂ ಆನ್ ಇರಲಿ. ಹಾಕಿದ ಮೇಲೆ ‘ನಾನೆಲ್ಲಿದ್ದೀನಿ, ತೋರಿಸಿ’ ಅನ್ನಿ. ಅವರು ಸರಿಯಾಗಿ ನಿಮ್ಮತ್ತ ಬೆರಳು ತೋರಿಸಿದರೆ ಮುಂದಕ್ಕೆ.

ಆಟದ ಪಟ್ಟಿಯಲ್ಲಿ ‘ಕಂಫರ್ಟಬಲ್’ ಅಂತ ಗುರುತಿರುವುದನ್ನೇ ಆರಿಸಿ. ಜಾಯ್‌ಸ್ಟಿಕ್ ಒತ್ತಿ ಓಡುವ ಆಟ, ಹಾರುವ ಆಟ, ಬೀಳುವ ಆಟ ಬೇಡ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಗಿವಿ ಕೂತಿದ್ದೇನೆ ಅನ್ನುತ್ತದೆ. ಆ ಜಗಳಕ್ಕೇ ಹೊಟ್ಟೆ ತೊಳಸುವುದು. ನಿಂತ ಜಾಗದಲ್ಲೇ ಇದ್ದು, ವಸ್ತುಗಳು ನಮ್ಮ ಹತ್ತಿರ ಬರುವ ಆಟವಾದರೆ ಈ ತೊಂದರೆ ಬಹಳ ಕಡಿಮೆ.

ಐದು ನಿಮಿಷ ಆದ ಮೇಲೆ, ಅವರು ಇನ್ನೂ ಬೇಕು ಅಂದರೂ ತೆಗೆದುಬಿಡಿ. ತಲೆಸುತ್ತು ಹತ್ತಕ್ಕೆ ಎಷ್ಟು ಅಂತ ಕೇಳಿ ಬರೆಯಿರಿ. ಮೂರು ದಾಟಿದರೆ ಮರುದಿನ ರಜೆ. ತಕ್ಷಣ ಎದ್ದು ಬಾತ್‌ರೂಮಿಗೆ ಹೋಗಲು ಬಿಡಬೇಡಿ. ಹತ್ತು ನಿಮಿಷ ಕೂತು, ನೀರು ಕುಡಿದು, ಆಮೇಲೆ.

ಹಂತ 6: ವಾರದಿಂದ ವಾರಕ್ಕೆ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲೆರಡು ವಾರ ಕೂತೇ ಆಟ, ಐದು ನಿಮಿಷದಿಂದ ಹತ್ತಕ್ಕೆ. ಮೂರನೇ, ನಾಲ್ಕನೇ ವಾರ ಕುರ್ಚಿಯ ಮುಂದೆ ನಿಂತು. ಮಂಡಿಯ ಹಿಂಭಾಗಕ್ಕೆ ಕುರ್ಚಿ ತಾಗುತ್ತಿರಬೇಕು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು, ಎತ್ತರದ ಚೆಂಡಿಗೆ ಕೈ ಚಾಚುವುದು. ಐದನೇ ವಾರದಿಂದ ಜಾಗದಲ್ಲೇ ಮಂಡಿ ಎತ್ತಿ ನಡಿಗೆ, ಪಕ್ಕಕ್ಕೆ ಹೆಜ್ಜೆ, ಗೆರೆ ದಾಟುವುದು. ಇಪ್ಪತ್ತು ನಿಮಿಷ, ನಡುವೆ ಎರಡು ಸಲ ಕೂರುವುದು. ಈ ಲೆಕ್ಕ ಅಪ್ಪನದು. ನಿಮ್ಮವರಿಗೆ ಎರಡು ವಾರದ ಜಾಗದಲ್ಲಿ ಆರು ವಾರ ಬೇಕಾದರೆ ಆರೇ ಆಗಲಿ.

ಎಲ್ಲ ಚಲನೆಗೂ ಒಂದೇ ಮಾತು: ದೊಡ್ಡದಾಗಿ. ಈ ಕಾಯಿಲೆ ಎಲ್ಲವನ್ನೂ ಸಣ್ಣದು ಮಾಡುತ್ತದೆ. ಹೆಜ್ಜೆ, ದನಿ, ಕೈಬರಹ ಎಲ್ಲವೂ. ಅವರು ಅರ್ಧ ಕೈ ಚಾಚಿ ಪೂರ್ತಿ ಚಾಚಿದೆ ಅಂದುಕೊಳ್ಳುತ್ತಾರೆ. ಅದಕ್ಕೇ ಚೆಂಡು ಅವರಿಗೆ ಸಲೀಸಾಗಿ ಸಿಗುವ ಜಾಗಕ್ಕಿಂತ ಒಂದು ಗೇಣು ದೂರ ಇರುವ ಆಟ ಬೇಕು. ಬೆರಳಾಟ ಸಾಕು ಅನ್ನುವ ಆಟ ನಮಗೆ ಪ್ರಯೋಜನವಿಲ್ಲ.

ಅಪ್ಪನಿಗೆ ಹಿಡಿಸಿದ್ದು ಬೀಟ್ ಸೇಬರ್. ಎರಡೂ ಕೈಯಲ್ಲಿ ಬೆಳಕಿನ ಕತ್ತಿ, ತಾಳಕ್ಕೆ ಸರಿಯಾಗಿ ಬರುವ ಡಬ್ಬಗಳನ್ನು ಕಡಿಯಬೇಕು. ‘ಇದು ಕೋಲಾಟ ಕಣೇ’ ಅಂದರು ಮೊದಲ ದಿನವೇ. ಸರಿಯಾದ ಮಾತು. ಆಟದ ಸೆಟ್ಟಿಂಗ್‌ನಲ್ಲಿ ಸೋಲಿಲ್ಲದ ಆಯ್ಕೆ, ನಿಧಾನದ ಹಾಡು, ಬಾಂಬ್ ಇಲ್ಲದ ಆಯ್ಕೆ ಇವೆ, ಮೂರನ್ನೂ ಆನ್ ಮಾಡಿ. ಅಡ್ಡ ಬರುವ ಗೋಡೆಗಳನ್ನೂ ತೆಗೆಯಿರಿ. ಅವಿದ್ದರೆ ಬಗ್ಗಬೇಕು, ಬಗ್ಗಿದರೆ ಬೀಳುತ್ತಾರೆ. ಆಡುವಾಗ ಬಟನ್ ಒತ್ತಬೇಕಿಲ್ಲ, ನಡುಗುವ ಬೆರಳಿಗೆ ಅದೇ ದೊಡ್ಡ ಉಪಕಾರ. ಮೆನು ಎಲ್ಲ ನೀವೇ ಒತ್ತಿಕೊಡಿ. ಕಂಟ್ರೋಲರ್‌ನ ಪಟ್ಟಿ ಮಣಿಕಟ್ಟಿಗೆ ಬಿಗಿಯಾಗಿರಲಿ, ಇಲ್ಲದಿದ್ದರೆ ಟಿವಿ ಗತಿ ದೇವರೇ ಬಲ್ಲ.

ವೇಗ ಹಿಡಿಸದವರಿಗೆ ತೈ ಚಿ ಇದೆ. 2012ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ಇರುವ 195 ಜನರ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೆ ಎರಡು ಸಲ, 24 ವಾರ ತೈ ಚಿ ಮಾಡಿದವರ ಬ್ಯಾಲೆನ್ಸ್ ಸುಧಾರಿಸಿತು. ಸ್ಟ್ರೆಚಿಂಗ್ ಮಾಡಿದವರಿಗಿಂತ ಬಿದ್ದದ್ದೂ ಕಡಿಮೆ.

ಎಂಟನೇ ವಾರದ ಮೇಲೆ ಆಟಕ್ಕೆ ಮಾತು ಸೇರಿಸಿ. ನಡೆಯುತ್ತಾ ಇನ್ನೊಂದು ಯೋಚನೆ ಮಾಡುವಾಗಲೇ ಇವರು ಬೀಳುವುದು ಜಾಸ್ತಿ. ಫೋನ್ ಬಂತು, ಕಾಲು ನಿಂತಿತು. ಅದನ್ನೇ ಅಭ್ಯಾಸ ಮಾಡಿಸಿ. ಮಂಡಿ ಎತ್ತುತ್ತಾ ಮಾಸಗಳನ್ನು ಹಿಂದಿನಿಂದ ಹೇಳುವುದು: ಫಾಲ್ಗುಣ, ಮಾಘ, ಪುಷ್ಯ, ಮಾರ್ಗಶಿರ. ಅಪ್ಪ ಕಾರ್ತಿಕಕ್ಕೆ ಬಂದಾಗ ಕಾಲು ತಪ್ಪುತ್ತಿತ್ತು. ಈಗ ಚೈತ್ರದ ತನಕ ಹೋಗುತ್ತಾರೆ.

ಇಷ್ಟಕ್ಕೇ ವಾರದ ವ್ಯಾಯಾಮ ಮುಗಿಯಲಿಲ್ಲ. ಪಾರ್ಕಿನ್ಸನ್ ಇರುವವರಿಗೆ ವಾರಕ್ಕೆ 150 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಅನ್ನುವುದು ಈಗಿನ ಸಲಹೆ, ಜತೆಗೆ ಸ್ನಾಯು ಬಲಪಡಿಸುವ ಕೆಲಸ ಬೇರೆ. ಉಳಿದದ್ದು ಸೈಕಲ್, ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು.

ಆಟದ ನಡುವೆ ಕಾಲು ಅಂಟಿಕೊಂಡರೆ

ಎಳೆಯಬೇಡಿ, ‘ಬೇಗ ಬೇಗ’ ಅನ್ನಬೇಡಿ. ಆಟ ನಿಲ್ಲಿಸಿ, ಪಾಸ್‌ಥ್ರೂ ಆನ್ ಮಾಡಿ. ನಿಲ್ಲಲಿ, ಉಸಿರು ಬಿಡಲಿ, ಭಾರವನ್ನು ಎಡಕ್ಕೆ ಬಲಕ್ಕೆ ತೂಗಲಿ. ಆಮೇಲೆ ನಿಮ್ಮ ಪಾದವನ್ನು ಅವರ ಪಾದದ ಎದುರು ಅಡ್ಡ ಇಟ್ಟು ‘ಇದನ್ನು ದಾಟಿ’ ಅನ್ನಿ. ತಕಧಿಮಿ ಹೇಳಿ. ತಿರುಗುವಾಗ ನಿಂತಲ್ಲೇ ಬುಗುರಿ ಹಾಗೆ ತಿರುಗದೆ, ಅರ್ಧಚಂದ್ರದ ಹಾಗೆ ಬಳಸಿ ತಿರುಗಲಿ.

ಮಾತ್ರೆಯ ಬಲ ಉತ್ತುಂಗದಲ್ಲಿದ್ದಾಗ ಕೆಲವರ ಮೈ ತಾನಾಗಿ ಹಾವಿನ ಹಾಗೆ ಹೊರಳಾಡುತ್ತದೆ. ಅದು ಉತ್ಸಾಹ ಅಲ್ಲ, ಡಿಸ್ಕೈನೇಸಿಯಾ. ಅದಿದ್ದ ಹೊತ್ತಲ್ಲಿ ಕೂತೇ ಆಡಲಿ. ಎದೆನೋವು, ಕಣ್ಣು ಕತ್ತಲೆ, ಮಾತು ತೊದಲು, ಹೆಡ್‌ಸೆಟ್ ತೆಗೆದ ಮೇಲೂ ಏನೋ ಕಾಣುತ್ತಿದೆ ಅನ್ನುವುದು, ಇವುಗಳಲ್ಲಿ ಒಂದಾದರೂ ಅಂದಿನ ಆಟ ಅಲ್ಲಿಗೆ ಮುಗಿಯಿತು. ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ಮಾತು ತೊದಲಿಗೆ ಫೋನ್ ಅಲ್ಲ, ಸೀದಾ ಎಮರ್ಜೆನ್ಸಿ.

ಹಂತ 7: ಅಳತೆ

ಆಟದ ಸ್ಕೋರ್ ನಂಬಬೇಡಿ. ಆಟ ಕಲಿತರೆ ಸ್ಕೋರ್ ಏರುತ್ತದೆ, ಕಾಲು ಸುಧಾರಿಸಿರಬೇಕು ಅಂತೇನಿಲ್ಲ. ನೆಲದ ಮೇಲೆ ಹತ್ತು ಅಡಿಗೆ ಒಂದು ಟೇಪ್ ಅಂಟಿಸಿ. ಕುರ್ಚಿಯಿಂದ ಎದ್ದು, ಟೇಪ್ ತನಕ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್? ಫಿಸಿಯೋಗಳ ಪರೀಕ್ಷೆಯೂ ಇದೇ. ಎರಡು ವಾರಕ್ಕೊಮ್ಮೆ, ಮಾತ್ರೆ ನುಂಗಿ ಅಷ್ಟೇ ಹೊತ್ತಾದ ಮೇಲೆ, ಅದೇ ಕುರ್ಚಿ, ಅದೇ ಶೂ. ಅಪ್ಪನಿಗೆ ಶುರುವಿನಲ್ಲಿ 19 ಸೆಕೆಂಡ್ ಬೇಕಿತ್ತು, ಹತ್ತನೇ ವಾರ 16. ನಡುವೆ ಡಾಕ್ಟರ್ ಮಾತ್ರೆಯನ್ನೂ ಸ್ವಲ್ಪ ಬದಲಿಸಿದ್ದರು. ಆ ಮೂರು ಸೆಕೆಂಡಿನಲ್ಲಿ ಆಟದ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಅಂತ ನಾನು ಜಂಬ ಕೊಚ್ಚುವ ಹಾಗಿಲ್ಲ. ಎಷ್ಟು ಸಲ ಬಿದ್ದರು, ಎಷ್ಟು ಸಲ ಬೀಳುವ ಹಾಗಾಯಿತು ಅನ್ನುವುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಹಂತ 8: ಮನೆಯಿಂದ ಹೊರಗೆ

ಹಾಲ್‌ನಲ್ಲಿ ಕಲಿತದ್ದು ಬೀದಿಗೆ ತಾನಾಗಿ ಬರುವುದಿಲ್ಲ. ವಾರಕ್ಕೆ ಒಂದು ದಿನ ಆಟದ ಬದಲು ಹೊರಗೆ. ನಾವು ಮೊದಲು ನಮ್ಮ ಕಟ್ಟಡದ ಕಾರಿಡಾರ್‌ನಲ್ಲಿ ಮಾಡಿದೆವು, ಟೈಲ್ಸ್‌ನ ಗೆರೆಗಳನ್ನೇ ಎಣಿಸುತ್ತಾ. ಬೆಂಗಳೂರಿನ ಫುಟ್‌ಪಾತ್ ಬಗ್ಗೆ ಹೇಳುವುದೇ ಬೇಡ, ಆ ಎದ್ದುನಿಂತ ಚಪ್ಪಡಿಗಳ ಮೇಲೆ ಗಟ್ಟಿಮುಟ್ಟಾದವರೇ ಎಡವುತ್ತಾರೆ. ಲಾಲ್‌ಬಾಗ್ ಒಳಗಿನ ಅಗಲ ದಾರಿ ವಾಸಿ. ಬೆಳಗಿನ ವಾಕಿಂಗ್ ಜನ ಕರಗಿದ ಮೇಲೆ, ಒಂಬತ್ತರ ಸುಮಾರಿಗೆ, ಅವರ ಆನ್ ಹೊತ್ತಿಗೆ ಸರಿಯಾಗಿ ಹೋಗಿ. ಮುಂದಿನ ಮಾತ್ರೆ, ನೀರಿನ ಬಾಟಲಿ ಜೇಬಲ್ಲಿರಲಿ. ಗಾಜಿನಮನೆಯ ಸುತ್ತ ಒಂದು ಸುತ್ತು, ಬೆಂಚಿನಿಂದ ಬೆಂಚಿಗೆ.

ಹಿಂದಿನ ದಿನ ಅದೇ ದಾರಿಯನ್ನು ಟಿವಿಯಲ್ಲಿ ಒಮ್ಮೆ ತೋರಿಸಿ. ಎಲ್ಲಿ ತಿರುವು, ಎಲ್ಲಿ ಇಳಿಜಾರು ಅಂತ ಬಾಯಲ್ಲಿ ಹೇಳಿಸಿ.

ಮೆಟ್ರೋದಲ್ಲಿ ಹೋಗುವುದಾದರೆ ಲಾಲ್‌ಬಾಗ್ ಸ್ಟೇಷನ್ ಪಶ್ಚಿಮ ಗೇಟಿಗೆ ಹತ್ತಿರ. ತೊಡಕು ಇರುವುದು ರೈಲಿನ ಬಾಗಿಲಲ್ಲಿ. ಕಿರಿದಾದ ಜಾಗ, ಜನ, ಅವಸರ, ಬಾಗಿಲು ಮುಚ್ಚುವ ಸದ್ದು. ಫ್ರೀಜಿಂಗ್‌ಗೆ ಏನೇನು ಬೇಕೋ ಎಲ್ಲ ಅಲ್ಲಿದೆ. ಆದರೆ ಪ್ಲಾಟ್‌ಫಾರ್ಮ್ ಅಂಚಿಗೆ ಉಬ್ಬಿನ ಹಳದಿ ಪಟ್ಟಿಯೂ ಇದೆ. ಅದು ನಮ್ಮ ಗೆರೆ. ಬಾಗಿಲು ತೆರೆದಾಗ ‘ಹಳದಿ ಪಟ್ಟಿ ದಾಟಿ, ಬಲಗಾಲು’ ಅಂತ ಒಂದೇ ಮಾತು ಹೇಳಿ, ಎರಡನೇ ಮಾತು ಬೇಡ. ಹಿಂದಿನವರು ತಳ್ಳುತ್ತಾರೆ. ಅವರಿಗೂ ನಿಮ್ಮಪ್ಪನಿಗೂ ನಡುವೆ ನಿಮ್ಮ ಬೆನ್ನು ಇರಲಿ.